ಅಡಿಗೆಯ ಮನೆಯ ಹಲಗೆಯ ಜೀರ್ಣೋದ್ಧಾರ

ನಮ್ಮ ಪಾಠಶಾಲೆಯ ಗೃಹವಿಜ್ಞಾನದ ಕೊಠಡಿಯಲ್ಲಿ, ಕಿಟಕಿಯ ಕೆಳಗೆ, ಗೋಡೆಗೆ ಸೇರಿಸಿ ಹಾಕಿರುವ ಉದ್ದನೆಯ ಹಲಗೆಯನ್ನು ಹಳೆಯ ವಿದ್ಯಾರ್ಥಿನಿಯರು ಯಾರೂ ಮರೆತಿರಲಾರರು. ಅವರಲ್ಲಿ ಎಷ್ಟೋ ಮಂದಿ ಮೊದಲ ಚಪಾತಿಯನ್ನು ಲಟ್ಟಿಸಿದ್ದು ಅದರ ಬಳಿಯಲ್ಲಿ. ಮೊದಲ ಸಾರಿನ ಪಾತ್ರೆಯನ್ನು ಇಳಿಸಿಟ್ಟದ್ದೂ, ಇಳಿಸಿಟ್ಟು ಉಪಾಧ್ಯಾಯಿನಿಯರ ಮಾತು ಕೇಳಿದ್ದೂ ಅಲ್ಲಿಯೇ. ಆ ಹಲಗೆಯ ಮೇಲ್ಮೈ ಮರದ್ದಲ್ಲ, ಕಲ್ಲಿನದೂ ಅಲ್ಲ. ನಾವೆಲ್ಲರೂ ಸನ್‌ಮೈಕಾ ಎಂದು ಕರೆಯುವ ತೆಳುವಾದ ಹಾಳೆಯದು. ಅನೇಕ ವರ್ಷಗಳ ಉಪಯೋಗದಿಂದ ಅದು ಕಳೆಗುಂದಿ, ಗೀರುಬಿದ್ದು, ನೀರಿನ ತೊಟ್ಟಿಯ ಕಡೆಯ ಮೂಲೆಯಲ್ಲಿ ಮೇಲೆದ್ದಿತ್ತು. ಅದನ್ನು ನಮ್ಮ ಕೈಯಿಂದಲೇ ಹೊಸದು ಮಾಡಿದ ಬಗೆಯನ್ನೂ, ಅದಕ್ಕೆ ಮೊದಲು ನಾವು ಮಾಡಿದ ತಪ್ಪನ್ನೂ ಈ ಸ್ಮರಣ ಸಂಚಿಕೆಯಲ್ಲಿ ಪಾಠರೂಪವಾಗಿ ತಿಳಿಸಬೇಕೆಂದು ಅಪೇಕ್ಷಿಸುತ್ತೇವೆ.

ಈ ಪಾಠದಿಂದ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಪೋಷಕರ ಮನೆಗಳಿಗೆ ಹೋದಾಗ ನಾವು ಕಂಡಿರುವಂತೆ, ಒಲೆಯಿಡುವ ಕಟ್ಟೆಯು ಬಹುಮಟ್ಟಿಗೆ ಕಲ್ಲಿನದಾಗಿರುತ್ತದೆ. ಆದರೆ ಅದರ ಪಕ್ಕದ ಮೇಜು, ಮಿಕ್ಸಿಯಿಡುವ ಹಲಗೆ, ಬೀರುವಿನ ಬಾಗಿಲು ಇವೆಲ್ಲ ಸನ್‌ಮೈಕಾ ಹೊದ್ದವುಗಳೇ. ಹೊರದೇಶಗಳಲ್ಲಿ ಬಾಡಿಗೆಯ ಮನೆಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗಾದರೋ ಅಡಿಗೆಯ ಕಟ್ಟೆಯೇ ಆ ವಸ್ತುವಿನದು. ಹಲಗೆಯ ಮುಖ ಕೆಟ್ಟಿತೆಂದು ಇಡೀ ಹಲಗೆಯನ್ನು ಕಿತ್ತೊಗೆಯುವುದು ದುಂದು. ಕೆಟ್ಟುದನ್ನು ಮುಚ್ಚಿಡುವುದು ಮೋಸ. ಇವೆರಡರ ನಡುವಣ ದಾರಿಯನ್ನು ತೋರಿಸುವುದೇ ಈ ಲೇಖನದ ಉದ್ದೇಶ.

1. ವಸ್ತುವಿನ ಪರಿಚಯ

ಸನ್‌ಮೈಕಾ ಎಂಬುದು ಮೊದಲು ಒಂದು ಸರಕಿನ ಮುದ್ರೆಯ ಹೆಸರು. ಕಾಲಕ್ರಮದಲ್ಲಿ ಅದೇ ಜಾತಿಯ ಹಾಳೆಗಳಿಗೆಲ್ಲ ಜನರ ಬಾಯಲ್ಲಿ ನಿಂತುಬಿಟ್ಟಿತು. ಮೈಕಾ ಎಂದರೆ ಅಭ್ರಕ, ನಮ್ಮ ಹಳ್ಳಿಯ ಮಕ್ಕಳು ಕಾಗೆಬಂಗಾರವೆಂದು ಆರಿಸಿಕೊಳ್ಳುವ ಹೊಳೆಯುವ ಪದರ. ಹಲಗೆಯ ಹಾಳೆಯಲ್ಲಿ ಅಭ್ರಕವು ಲೇಶವೂ ಇಲ್ಲವೆಂದು ಹೇಳಿದಾಗ ನಮ್ಮ ತರಗತಿಯ ಹುಡುಗಿಯರು ನಕ್ಕರು. ಆದರೂ ಆ ಹೆಸರಿನ ಹಿಂದೆ ಒಂದು ಚರಿತ್ರೆಯುಂಟು.

1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಎಂಬ ರಸಾಯನಶಾಸ್ತ್ರಜ್ಞನು ಅಮೆರಿಕದಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಎಂಬ ಎರಡು ದ್ರವ್ಯಗಳನ್ನು ಕೂಡಿಸಿ, ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದಂಥ ಕೃತಕ ರಾಳವನ್ನು ಮಾಡಿದನು. ಅದೇ ಬೇಕಲೈಟ್. ಇದಾದ ಕೆಲವೇ ವರ್ಷಗಳಲ್ಲಿ ಹರ್ಬರ್ಟ್ ಫೇಬರ್, ಡೇನಿಯಲ್ ಓಕಾನರ್ ಎಂಬ ಇಬ್ಬರು, ವಿದ್ಯುದ್ಯಂತ್ರಗಳಲ್ಲಿ ಅಭ್ರಕಕ್ಕೆ ಬದಲಾಗಿ ಉಪಯೋಗಿಸುವುದಕ್ಕೆಂದು, ರಾಳದಲ್ಲಿ ನೆನೆದ ಪದರಗಳ ಹಾಳೆಯನ್ನು ತಯಾರಿಸತೊಡಗಿದರು. 1913ರಲ್ಲಿ ಸ್ಥಾಪಿತವಾದ ಅವರ ಉದ್ಯಮಕ್ಕೆ ಫಾರ್ಮೈಕಾ, ಎಂದರೆ 'ಮೈಕಾಕ್ಕೆ ಬದಲು', ಎಂಬ ಹೆಸರಾಯಿತು. ಯಂತ್ರಕ್ಕೆಂದು ಹುಟ್ಟಿದ ಹಾಳೆಯು ಮುಂದೆ ಮೇಜಿಗೂ ಅಡಿಗೆಯ ಮನೆಗೂ ಬಂದಿತು; ಹೆಸರಿನ ಬಾಲವು ಮಾತ್ರ ನಮ್ಮ ದೇಶದವರೆಗೂ ಉಳಿದುಬಂದಿದೆ.

ಹಾಳೆಯ ರಚನೆ ಹೀಗಿದೆ: ಕೆಳಗೆ ರಾಳದಲ್ಲಿ ನೆನೆಸಿದ ಕಂದುಬಣ್ಣದ ದಪ್ಪ ಕಾಗದಗಳ ಹಲವು ಪದರ, ಅವುಗಳ ಮೇಲೆ ಬಣ್ಣವನ್ನೋ ಮರದ ಗೆರೆಗಳನ್ನೋ ಅಚ್ಚುಹಾಕಿದ ಒಂದು ಕಾಗದ. ಈ ಮೇಲಿನದನ್ನು ಮೆಲಮೈನ್ ಎಂಬ ಬೇರೊಂದು ರಾಳದಲ್ಲಿ ನೆನೆಸಿರುತ್ತಾರೆ. ಇವೆಲ್ಲವನ್ನೂ ಬಹಳ ಶಾಖದಲ್ಲಿ, ಬಹಳ ಒತ್ತಡದಲ್ಲಿ ಅದುಮಿದರೆ ಸುಮಾರು 1 ಮಿಲಿಮೀಟರು ದಪ್ಪದ ಒಂದೇ ಹಾಳೆಯಾಗುತ್ತದೆ. ಅದನ್ನು ಪ್ಲೈವುಡ್ಡಿಗೋ ಮರದ ಪುಡಿಯ ಹಲಗೆಗೋ ಅಂಟಿಸುತ್ತಾರೆ. ಆದಕಾರಣ ಇಂಥ ಹಲಗೆಯಲ್ಲಿ ಮೂರು ಭಾಗಗಳುಂಟೆಂದು ನೆನಪಿಡತಕ್ಕದ್ದು: ಮುಖ, ಅಂಟು, ಮೈ. ಮುಂದೆ ಹೇಳುವುದೆಲ್ಲ ಈ ಮೂರನ್ನು ಅವಲಂಬಿಸಿದೆ.

2. ನಮ್ಮ ತಪ್ಪು

2022ರ ಜುಲೈ ತಿಂಗಳಿನಲ್ಲಿ ಪಾಠಶಾಲೆಗೆ ಅತಿಥಿಗಳು ಬರುವವರಿದ್ದರು. ಗೃಹವಿಜ್ಞಾನದ ಕೊಠಡಿಯ ಹಲಗೆಯು ಅವರ ಕಣ್ಣಿಗೆ ಅಸಹ್ಯವಾಗಿ ಕಂಡೀತೆಂದು ನಾವು ಅವಸರದಿಂದ ಒಂದು ಡಬ್ಬಿ ಬಣ್ಣವನ್ನು ತರಿಸಿ, ಒದ್ದೆಬಟ್ಟೆಯಿಂದ ಹಲಗೆಯನ್ನು ಒರಸಿ, ಒಂದೇ ಸಂಜೆಯಲ್ಲಿ ಎರಡು ಸಾರಿ ಬಳಿಸಿದೆವು. ಮರುದಿನ ಅದು ಹೊಳೆಯುತ್ತಿತ್ತು. ಅತಿಥಿಗಳು ಮೆಚ್ಚಿದರು, ನಾವೂ ಹಿಗ್ಗಿದೆವು. ಒಂದು ತಿಂಗಳು ಕಳೆಯುವುದರೊಳಗೆ, ಬೇಯಿಸಿದ ಆಲೂಗೆಡ್ಡೆಯ ಸಿಪ್ಪೆ ಸುಲಿದು ಬರುವಂತೆ, ಬಣ್ಣವು ಉಗುರಿನಿಂದ ಎತ್ತಿದಲ್ಲೆಲ್ಲ ಎದ್ದುಬಂದಿತು. ಹುಡುಗಿಯರು ಕಲಸಿದ ಹಿಟ್ಟಿನಲ್ಲಿ ಒಂದು ದಿನ ಬಣ್ಣದ ಚೂರು ಸಿಕ್ಕಿದಾಗ ನಾವು ಆ ಕೊಠಡಿಯ ಅಡಿಗೆಯ ಪಾಠವನ್ನೇ ನಿಲ್ಲಿಸಬೇಕಾಯಿತು.

ಆಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ಅರಕಲಗೂಡಿನ ಕಡೆಯವಳು, ಮೆಲ್ಲನೆ ಹೇಳಿದಳು: “ಮಿಸ್, ಎಣ್ಣೆಜಿಡ್ಡು ಹೋಗದೆ, ಮೈ ಒರಟಾಗದೆ ಯಾವ ಬಣ್ಣವೂ ಹಿಡಿಯುವುದಿಲ್ಲವಂತೆ.” ಯಾರು ಹೇಳಿದರೆಂದು ಕೇಳಿದೆವು. ಅವಳು ತಲೆ ತಗ್ಗಿಸಿ, ಬಹಳ ಹೊತ್ತಿನ ಮೇಲೆ, “ನಮ್ಮಪ್ಪ” ಎಂದಳು. ದಾಖಲೆಯ ಪುಸ್ತಕದಲ್ಲಿ ಅವಳ ತಂದೆಯ ವೃತ್ತಿಯು ವ್ಯಾಪಾರವೆಂದು ಬರೆದಿತ್ತು. ಅವರು ಬಡಗಿಗಳು. ಹಾಗೆಂದು ಹೇಳಿಕೊಳ್ಳಲು ಮಗಳಿಗೆ ನಾಚಿಕೆಯಾಗುವಂತೆ ನಮ್ಮ ಪಾಠಶಾಲೆಯಲ್ಲಿ ಏನು ನಡೆದಿತ್ತೆಂದು ನಾವು ಆ ರಾತ್ರಿ ಬಹಳ ಯೋಚಿಸಿದೆವು.

ಅವರನ್ನು ಕರೆಯಿಸಿದೆವು. ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು, ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿ, “ಈಗ ಬೇಡಿ ಅಮ್ಮಾವ್ರೇ, ಮಳೆ ಬಿಡಲಿ, ಮರ ನೀರು ಕುಡಿದಿದೆ” ಎಂದರು. “ಹಾಗಾದರೆ ಕಾಯುತ್ತೇವೆ ಆಚಾರ್ರೇ, ಆದರೆ ಕೆಲಸವನ್ನು ನೀವು ಮಾಡಬೇಡಿ, ನಮ್ಮ ಮಕ್ಕಳಿಗೆ ಕಲಿಸಿರಿ” ಎಂದು ಬೇಡಿಕೊಂಡೆವು. ಮುಂದಿನ ಜನವರಿಯ ಎರಡು ಶನಿವಾರಗಳಲ್ಲಿ ಅವರು ಕಲಿಸಿದುದರ ಸಾರವೇ ಮುಂದಿನ ಪಾಠ.

3. ಪರೀಕ್ಷೆ

ಮದ್ದಿಗೆ ಮೊದಲು ರೋಗವನ್ನು ತಿಳಿಯಬೇಕು. ಒಂದು ನಾಣ್ಯದಿಂದ ಹಲಗೆಯ ಉದ್ದಕ್ಕೂ ತಟ್ಟಿಕೊಂಡು ಹೋಗಿರಿ. ಗಟ್ಟಿಯಾದ ಶಬ್ದ ಬಂದರೆ ಅಂಟು ಹಿಡಿದಿದೆ. ಟೊಳ್ಳು ಶಬ್ದ ಬಂದಲ್ಲಿ ಬಿಟ್ಟಿದೆ. ಬಳಿಕ ನೀರಿನ ತೊಟ್ಟಿಯ ಸುತ್ತಲೂ, ಅಂಚಿನ ಕೆಳಗೂ ಉಗುರಿನಿಂದ ಒತ್ತಿನೋಡಿರಿ. ನೀರಿನಲ್ಲಿ ನೆನೆದ ರಸ್ಕಿನಂತೆ ಮೈ ಉಬ್ಬಿ ಪುಡಿಯಾಗುವುದಾದರೆ, ಆ ಭಾಗವನ್ನು ಯಾವ ಹೊದಿಕೆಯೂ ಕಾಪಾಡಲಾರದು. ಅದನ್ನು ಕತ್ತರಿಸಿ ತೆಗೆದು ಹೊಸ ತುಂಡನ್ನು ಸೇರಿಸತಕ್ಕದ್ದು. ಹೊಸ ತುಂಡಿಗೆ ನೀರನ್ನು ತಡೆಯುವ ಪ್ಲೈವುಡ್ಡನ್ನೇ ಕೇಳಿರಿ, ಐ.ಎಸ್. 710 ಎಂಬ ಗುರುತುಳ್ಳದ್ದು ಆ ಜಾತಿಯದು.

ಮುಖ ಮಾತ್ರ ಕೆಟ್ಟಿದ್ದರೆ ಬಣ್ಣ ಸಾಕು. ಅಂಟು ಬಿಟ್ಟಿದ್ದರೆ ಹೊಸ ಹಾಳೆ ಬೇಕು. ಮೈ ಕೆಟ್ಟಿದ್ದರೆ ಮೊದಲು ಮೈಯನ್ನು ಸರಿಪಡಿಸಬೇಕು. ಅದರೊಡನೆ ನೀರು ಎಲ್ಲಿಂದ ಸೋರುತ್ತಿದೆಯೆಂದು ಹುಡುಕಿ ನಿಲ್ಲಿಸಬೇಕು. ನಮ್ಮ ಹಲಗೆಗೆ ಮೂರು ರೋಗಗಳೂ ಇದ್ದುವು. ನಾವು ಮುಖಕ್ಕೆ ಮಾತ್ರ ಬಣ್ಣ ಬಳಿದಿದ್ದೆವು.

4. ಬಣ್ಣದ ಕ್ರಮ

ಮುಖ ಮಾತ್ರ ಮಾಸಿರುವ ಮೇಜಿಗೂ ಬೀರುವಿನ ಬಾಗಿಲಿಗೂ ಇದು ತಕ್ಕ ಕ್ರಮ.

ಮೊದಲು ಬಿಸಿನೀರಿನಲ್ಲಿ ಬಟ್ಟೆ ಒಗೆಯುವ ಸೋಡವನ್ನು ಸ್ವಲ್ಪ ಕದಡಿ, ಕೈಗೆ ರಬ್ಬರಿನ ಚೀಲವನ್ನು ಹಾಕಿಕೊಂಡು ಚೆನ್ನಾಗಿ ಉಜ್ಜಿ ತೊಳೆಯಿರಿ. ಒಗ್ಗರಣೆಯ ಎಣ್ಣೆಯ ಆವಿಯು ಕಣ್ಣಿಗೆ ಕಾಣದ ಜಿಡ್ಡಾಗಿ ಕೂತಿರುತ್ತದೆ. ತಿಳಿನೀರಿನಿಂದ ಎರಡು ಸಾರಿ ಒರಸಿ, ಒಂದು ದಿನ ಒಣಗಬಿಡಿರಿ. ಜಿಡ್ಡು ಹೋಯಿತೇ ಎಂಬುದಕ್ಕೆ ಪರೀಕ್ಷೆಯಿದು: ಹಲಗೆಯ ಮೇಲೆ ನೀರನ್ನು ಚಿಮುಕಿಸಿದರೆ ಅದು ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾಗಿ ನಿಲ್ಲದೆ ಹರಡಿಕೊಳ್ಳಬೇಕು.

ಎರಡನೆಯದು, ಉಪ್ಪುಕಾಗದದಿಂದ ಉಜ್ಜುವುದು. 150ನೆಯ ನಂಬರಿನಿಂದ ಆರಂಭಿಸಿ 220ನೆಯ ನಂಬರಿನಿಂದ ಮುಗಿಸಿರಿ. ಹೊಳಪೆಲ್ಲ ಹೋಗಿ ಹಲಗೆಯು ಮಂಕಾಗುವವರೆಗೆ ಉಜ್ಜಬೇಕು. ಅಚ್ಚಿನ ಕಾಗದವು ಹರಿದು ಕಂದುಬಣ್ಣ ಕಾಣುವಷ್ಟಲ್ಲ. ಹೊಸ ಬಣ್ಣವು ಹಿಡಿದುಕೊಳ್ಳುವುದಕ್ಕೆ ಸಣ್ಣ ಸಣ್ಣ ಗೀರುಗಳೇ ಆಧಾರ. ದೂಳನ್ನು ಒರಸಿ, ಆಳವಾದ ಗೀರುಗಳಿಗೆ ಪುಟ್ಟಿಯನ್ನು ತುಂಬಿ, ಒಣಗಿದ ಮೇಲೆ ಅದನ್ನೂ ಉಜ್ಜಿ ಸಮಮಾಡಿರಿ.

ಮೂರನೆಯದು, ನುಣುಪಾದ ಮೈಯನ್ನೂ ಹಿಡಿಯತಕ್ಕ ಪ್ರೈಮರನ್ನು ಒಂದು ಸಾರಿ ಹಚ್ಚುವುದು. ಇದನ್ನು ಬಿಟ್ಟರೆ ಮೇಲಣ ಬಣ್ಣವೆಲ್ಲ ವ್ಯರ್ಥ. ಅನಂತರ ಬಣ್ಣವನ್ನು ತೆಳುವಾಗಿ ಎರಡು ಅಥವಾ ಮೂರು ಸಾರಿ, ಪ್ರತಿಸಾರಿಯೂ ಒಣಗಲು ಬಿಟ್ಟು, ಬಳಿಯಿರಿ. ಕಡೆಯಲ್ಲಿ ಪಾಲಿಯುರಿಥೇನ್ ಎಂಬ ತಿಳಿಯಾದ ವಾರ್ನಿಷನ್ನು ಎರಡು ಸಾರಿ ಕೊಡಿರಿ. ಮುಟ್ಟಿದರೆ ಅಂಟದಷ್ಟು ಒಣಗುವುದಕ್ಕೆ ಒಂದು ದಿನ ಸಾಕು. ಒಳಗೆಲ್ಲ ಗಟ್ಟಿಯಾಗುವುದಕ್ಕೆ ವಾರಗಳು ಬೇಕು. ಅಷ್ಟರವರೆಗೆ ಭಾರವಾದ ಪಾತ್ರೆಯನ್ನಿಟ್ಟು ಎಳೆಯಕೂಡದು. ಹೀಗೆ ಮಾಡಿದ ಹಲಗೆಯು ಕೂಡ ಹೊಸ ಹಾಳೆಯಷ್ಟು ಬಾಳದು. ಆದುದರಿಂದ ದಿನವೂ ನೀರು, ಬಿಸಿ, ಉಜ್ಜಾಟ ತಾಗುವ ಸ್ಥಳಕ್ಕೆ ಮುಂದೆ ಹೇಳುವ ಕ್ರಮವೇ ಮೇಲು.

5. ಹೊಸ ಹಾಳೆಯ ಕ್ರಮ

ಮೊದಲು ಲೆಕ್ಕ. ನಮ್ಮ ಹಲಗೆಯ ಉದ್ದ 7½ ಅಡಿ, ಅಗಲ 2½ ಅಡಿ. ಎಂದರೆ 18¾ ಚದರಡಿ. ಅಂಗಡಿಯಲ್ಲಿ ದೊರೆಯುವ ಹಾಳೆ 8 ಅಡಿಗೆ 4 ಅಡಿ. ಎಂದರೆ 32 ಚದರಡಿ. ಉಳಿದ ಸುಮಾರು 13 ಚದರಡಿಯಲ್ಲಿ ಅಂಚಿನ ಪಟ್ಟಿಗಳೂ ಒಂದು ಗೂಡಿನ ಹಲಗೆಯ ಹೊದಿಕೆಯೂ ಆಗುವುವೆಂದು ಹುಡುಗಿಯರೇ ಕಾಗದದ ಮೇಲೆ ಕತ್ತರಿಸಿ ತೋರಿಸಿದರು. ಗಣಿತದ ಪುಸ್ತಕದಲ್ಲಿ ಕ್ಷೇತ್ರಫಲವೆಂದರೆ ಬೇಸರಪಡುವವರು ಅಂದು ಬೇಸರಪಡಲಿಲ್ಲ.

ಬಿಟ್ಟುಕೊಂಡಿರುವ ಹಳೆಯ ಹಾಳೆಯನ್ನು ತೆಗೆಯುವುದಕ್ಕೆ ಆಚಾರ್ರು ಇಸ್ತ್ರಿಪೆಟ್ಟಿಗೆಯನ್ನು ತರಿಸಿದರು. ಹಳೆಯ ಬಟ್ಟೆಯನ್ನು ಹಾಸಿ ಅದರ ಮೇಲೆ ಬಿಸಿ ಇಸ್ತ್ರಿಯನ್ನು ನಿಧಾನವಾಗಿ ಆಡಿಸಿದರೆ ಕೆಳಗಿನ ಅಂಟು ಮೆತ್ತಗಾಗುತ್ತದೆ. ಆಗ ಚಪ್ಪಟೆಯಾದ ಉಕ್ಕಿನ ಪಟ್ಟಿಯನ್ನು ತೂರಿಸಿ ಸ್ವಲ್ಪಸ್ವಲ್ಪವಾಗಿ ಎತ್ತಬಹುದು. ಹಾಳೆಯ ಅಂಚು ಗಾಜಿನಂತೆ ಹರಿತವಾದುದರಿಂದ ಕೈಗೆ ದಪ್ಪ ಬಟ್ಟೆಯನ್ನು ಸುತ್ತಿಕೊಳ್ಳತಕ್ಕದ್ದು. ಹಳೆಯ ಹಾಳೆಯು ಎಲ್ಲೆಡೆಯೂ ಭದ್ರವಾಗಿದ್ದರೆ ಕೀಳುವ ಅಗತ್ಯವಿಲ್ಲ. ತೊಳೆದು, ಚೆನ್ನಾಗಿ ಒರಟುಮಾಡಿ ಅದರ ಮೇಲೆಯೇ ಹೊಸದನ್ನು ಅಂಟಿಸಬಹುದು.

ಅಂಟಿನ ವಿಷಯದಲ್ಲಿ ಎಚ್ಚರಿಕೆಯಿರಲಿ. ಬಡಗಿಗಳು ಉಪಯೋಗಿಸುವ ಬಿಳಿಯ ಅಂಟು ತನ್ನ ನೀರನ್ನು ಮರವು ಹೀರಿಕೊಂಡರೆ ಮಾತ್ರ ಬಿಗಿಯುತ್ತದೆ. ಬರಿಯ ಪ್ಲೈವುಡ್ಡಿನ ಮೇಲೆ ಅದು ಉತ್ತಮ. ಆದರೆ ಹಾಳೆಯ ಮೇಲೆಲ್ಲ ಭಾರವನ್ನು ಹೇರಿ ಒಂದು ದಿನ ಬಿಡಬೇಕು. ಹಳೆಯ ಸನ್‌ಮೈಕಾ ನೀರನ್ನು ಹೀರದಾದ ಕಾರಣ ಅದರ ಮೇಲೆ ಬಿಳಿಯ ಅಂಟು ನಿಲ್ಲದು; ಅಲ್ಲಿಗೆ ರಬ್ಬರು ಕೂಡಿದ ಹಳದಿಯ ಅಂಟು ಬೇಕು. ಇದನ್ನು ಎರಡೂ ಮೈಗಳಿಗೆ ತೆಳುವಾಗಿ ಸವರಿ, ಬೆರಳು ತಾಗಿಸಿದರೆ ಅಂಟಿಕೊಳ್ಳದಷ್ಟು ಆರುವವರೆಗೆ ಕಾಯಬೇಕು. ಆಮೇಲೆ ಎರಡೂ ಸೇರಿದ ಕ್ಷಣವೇ ಬಿಗಿಯುತ್ತದೆ, ಸರಿಸಲು ಅವಕಾಶವಿರದು.

ಆದುದರಿಂದ ಆಚಾರ್ರು ಒಂದು ಉಪಾಯವನ್ನು ತೋರಿಸಿದರು. ಹಾಳೆಯನ್ನು ಎಲ್ಲ ಕಡೆಗೂ ಕಾಲು ಅಂಗುಲ ಹೆಚ್ಚಾಗಿಯೇ ಕತ್ತರಿಸುವುದು. ಮೊದಲು ಅಂಚಿನ ಪಟ್ಟಿಗಳನ್ನು ಅಂಟಿಸಿ, ಮೇಲ್ಭಾಗಕ್ಕೆ ಸಮವಾಗಿ ಅರದಿಂದ ಉಜ್ಜುವುದು. ಅಂಟು ಆರಿದ ಹಲಗೆಯ ಮೇಲೆ ಒಣಗಿದ ಬಿದಿರಿನ ಕಡ್ಡಿಗಳನ್ನು ಗೇಣಿಗೊಂದರಂತೆ ಅಡ್ಡಲಾಗಿ ಇಟ್ಟು, ಅವುಗಳ ಮೇಲೆ ಹಾಳೆಯನ್ನು ಮಲಗಿಸಿ, ನಾಲ್ಕು ಕಡೆಯೂ ಅಳತೆ ನೋಡುವುದು. ಸರಿಯಾದ ಮೇಲೆ ನಡುವಿನ ಕಡ್ಡಿಯನ್ನು ಮೊದಲು ಎಳೆದು, ಅಲ್ಲಿ ಒತ್ತಿ, ಹಾಗೆಯೇ ಎರಡೂ ಕಡೆಗೆ ಒಂದೊಂದಾಗಿ ಎಳೆಯುತ್ತ ಹೋಗುವುದು. ಒಳಗಿನ ಗಾಳಿಯು ನಡುವಿನಿಂದ ಅಂಚಿಗೆ ಹೊರಟುಹೋಗುತ್ತದೆ. ಒತ್ತುವುದಕ್ಕೆ ಬೇರೆ ಉಪಕರಣವೇಕೆ? ನಮ್ಮ ಚಪಾತಿಯ ಲಟ್ಟಣಿಗೆಯೇ ಬಟ್ಟೆ ಸುತ್ತಿಕೊಂಡು ಆ ಕೆಲಸವನ್ನು ಮಾಡಿತು. ಕಡೆಗೆ ಹೊರಚಾಚಿದ ಅಂಚನ್ನು ಅರದಿಂದ, ಮೇಲಿನಿಂದ ಕೆಳಕ್ಕೆ ಮಾತ್ರ, ಉಜ್ಜಬೇಕು. ಕೆಳಗಿನಿಂದ ಮೇಲಕ್ಕೆ ಉಜ್ಜಿದರೆ ಮುಖವು ಚೂರಾಗಿ ಏಳುತ್ತದೆ. ಹಲಗೆಯು ಗೋಡೆಗೂ ತೊಟ್ಟಿಗೂ ಸೇರುವ ಸಂದಿನಲ್ಲಿ ಸಿಲಿಕೋನನ್ನು ತುಂಬಿದರೆ ನೀರಿನ ಬಾಗಿಲು ಮುಚ್ಚಿದಂತೆ.

6. ಕಲ್ಲಿನ ಕಟ್ಟೆಯುಳ್ಳವರಿಗೆ

ಕಟ್ಟೆಯ ಕಲ್ಲೆಲ್ಲ ಒಂದೇ ಜಾತಿಯದಲ್ಲ. ನಮ್ಮ ಜಿಲ್ಲೆಯ ಹಸಿರು ಗ್ರಾನೈಟು ಹಾಸನದ ಹೆಸರಿನಿಂದಲೇ ದೂರದೂರಕ್ಕೆ ಹೋಗುತ್ತದೆ. ಅದು ಗಟ್ಟಿ, ಹುಳಿಗೆ ಸುಲಭವಾಗಿ ಜಗ್ಗದು. ಕಡಪದ ಕಪ್ಪು ಕಲ್ಲಾದರೋ ಸುಣ್ಣದ ಜಾತಿಯದು. ನಿಂಬೆಯ ರಸ, ಹುಣಿಸೆಯ ನೀರು, ವಿನಿಗರ್ ಇವು ಬಿದ್ದು ನಿಂತರೆ ಕಲ್ಲಿನ ಮುಖವನ್ನೇ ತಿಂದು ಬಿಳಿಯ ಕಲೆ ಮಾಡುತ್ತವೆ. ಅದು ಕೊಳೆಯೆಂದು ತಿಳಿದು ಕೆಲವರು ಮತ್ತೆ ನಿಂಬೆಯಿಂದಲೇ ಉಜ್ಜುವುದುಂಟು. ಆಗ ಕಲೆಯು ಹೆಚ್ಚುತ್ತದೆ. ಅದಕ್ಕೆ ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಮೃದುವಾಗಿ ಉಜ್ಜಿ, ಒಣಗಿಸಿ, ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆಯನ್ನು ಸವರಿದರೆ ಕಪ್ಪು ಬಣ್ಣ ಕೆಲಕಾಲ ಮರಳುತ್ತದೆ.

ಸನ್‌ಮೈಕಾದ ವಿಷಯ ಇದಕ್ಕೆ ವಿರುದ್ಧ. ಕೊಳವೆಬಾವಿಯ ಗಡಸು ನೀರಿನಿಂದ ನಲ್ಲಿಯ ಸುತ್ತ ಕೂತ ಬಿಳಿಯ ಕರೆಯನ್ನು ವಿನಿಗರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಕೂಡಲೇ ನೀರಿನಿಂದ ತೊಳೆದರೆ ಹಾನಿಯಿಲ್ಲ. ಒಂದರ ಮದ್ದು ಇನ್ನೊಂದರ ವಿಷವೆಂಬುದನ್ನು ಮನೆಯವರು ಮರೆಯದಿರಲಿ.

7. ಎಚ್ಚರಿಕೆಗಳು

ಹಳದಿಯ ಅಂಟಿನ ಆವಿಯು ಬೆಂಕಿಗೆ ಬೇಗನೆ ಹತ್ತಿಕೊಳ್ಳುತ್ತದೆ. ಅಡಿಗೆಯ ಮನೆಯಲ್ಲಿ ಆ ಕೆಲಸ ಮಾಡುವಾಗ ಒಲೆಯನ್ನು ಆರಿಸಿದರೆ ಸಾಲದು. ಅನಿಲದ ಸಿಲಿಂಡರನ್ನೇ ಹೊರಗಿಟ್ಟು, ಕಿಟಕಿ ಬಾಗಿಲುಗಳನ್ನು ತೆರೆದಿಡಬೇಕು. ಸಾಧ್ಯವಾದರೆ ಹಲಗೆಯನ್ನು ಜಗಲಿಗೆ ತಂದು ಮಾಡುವುದು ಉತ್ತಮ. ಸಣ್ಣ ಮಕ್ಕಳೂ ಗರ್ಭಿಣಿಯರೂ ಹತ್ತಿರವಿರಕೂಡದು.

ಉಜ್ಜುವಾಗ ಮೂಗುಬಾಯಿಗಳನ್ನು ಮುಚ್ಚಿಕೊಳ್ಳಿರಿ. ಬಹಳ ಹಿಂದೆ ಬಣ್ಣ ಬಳಿದ ಗೂಡುಬಾಗಿಲುಗಳನ್ನು ಒಣಗಿದಂತೆಯೇ ಉಜ್ಜಕೂಡದು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಅಂಶವನ್ನು ಮಿತಗೊಳಿಸುವ ನಿಯಮವು ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ. ಅದಕ್ಕೆ ಹಿಂದಿನ ಬಣ್ಣದ ದೂಳಿನಲ್ಲಿ ಸೀಸವಿರಬಹುದು, ಅದು ಮಕ್ಕಳ ಬುದ್ಧಿಯ ಬೆಳವಣಿಗೆಗೇ ಕೇಡು.

ಹೊಸ ಹಲಗೆಯನ್ನು ಕಾಪಾಡುವ ಬಗೆ ಸುಲಭ. ಒಲೆಯಿಂದ ಇಳಿಸಿದ ಬಾಣಲೆಗೂ ಕುಕ್ಕರಿಗೂ ಸಿಂಬೆಯನ್ನೋ ಮರದ ಮಣೆಯನ್ನೋ ಕೆಳಗಿಡಿರಿ. ಬಿಸಿ ರಾಗಿಮುದ್ದೆಯನ್ನು ಕಟ್ಟುವುದು ಮರದ ಮಣೆಯ ಮೇಲಾಗಲಿ. ಹಲಗೆಗೆ ತಿರುಪಿನಿಂದ ಬಿಗಿಯುವ ಕಾಯಿತುರಿಯ ಕೆಳಗೆ ಮಡಿಸಿದ ಬಟ್ಟೆಯಿರಲಿ. ತೆಂಗಿನ ಸೀಮೆಯಾದ ಚನ್ನರಾಯಪಟ್ಟಣದ ಮನೆಗಳಲ್ಲಿ ಎಷ್ಟೋ ಹಲಗೆಗಳ ಅಂಚು ಒಡೆದಿರುವುದನ್ನು ನಾವು ನೋಡಿದ್ದೇವೆ. ತರಕಾರಿಯನ್ನು ಹಲಗೆಯ ಮೇಲೆಯೇ ಹೆಚ್ಚಕೂಡದು; ಬಣ್ಣ ಬಳಿದ ಹಲಗೆಯ ಮೇಲೆ ಹಿಟ್ಟನ್ನು ನೇರವಾಗಿ ನಾದಕೂಡದು.

8. ಮುಕ್ತಾಯ

ಹಳೆಯ ಬಟ್ಟೆಗೆ ಹೊಸ ತೇಪೆ ಹಾಕುವವರ ವಿಷಯವಾಗಿ ನಮ್ಮ ಕರ್ತನು ಹೇಳಿದ ಸಾಮ್ಯವನ್ನು ನಾವು ಪ್ರಾರ್ಥನೆಯ ಹೊತ್ತಿನಲ್ಲಿ ಎಷ್ಟೋ ಸಾರಿ ಮಕ್ಕಳಿಗೆ ವಿವರಿಸಿದ್ದೆವು. ಆದರೂ ಅತಿಥಿಗಳ ಕಣ್ಣಿಗಾಗಿ ಜಿಡ್ಡಿನ ಮೇಲೆ ಬಣ್ಣ ಬಳಿಸಿದವರು ನಾವೇ. ಹೊದಿಕೆಯು ಬಾಳುವುದು ಹೊದಿಸುವುದಕ್ಕೆ ಮೊದಲು ಮಾಡಿದ ಕೆಲಸದಿಂದ. ಆ ಕೆಲಸವು ಕೊನೆಯಲ್ಲಿ ಯಾರ ಕಣ್ಣಿಗೂ ಕಾಣುವುದಿಲ್ಲ. ಎರಡು ಶನಿವಾರಗಳಲ್ಲಿ ಹಾಳೆಯನ್ನು ಅಂಟಿಸಿದುದು ಒಂದು ಗಂಟೆಯ ಕೆಲಸ; ಮಿಕ್ಕುದೆಲ್ಲ ಕೆರೆದುದು, ತೊಳೆದುದು, ಉಜ್ಜಿದುದು, ಕಾದುದು.

ಹಲಗೆಯು ಇಂದಿಗೂ ಭದ್ರವಾಗಿದೆ. ವಾರ್ಷಿಕೋತ್ಸವಕ್ಕೆ ಬರುವವರು ನಾಣ್ಯದಿಂದ ತಟ್ಟಿ ನೋಡಬಹುದು. ಎರಡನೆಯ ಶನಿವಾರದ ಸಂಜೆ ಆಚಾರ್ರು ಉಪಕರಣಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟಾಗ, ಅವರ ಮಗಳು ಗೆಳತಿಯರೆದುರಿಗೇ ಆ ಚೀಲವನ್ನು ಹೊತ್ತುಕೊಂಡು ಬಾಗಿಲವರೆಗೆ ಹೋದಳು. ಸೋಮವಾರ ಬೆಳಿಗ್ಗೆ ಕಚೇರಿಗೆ ಬಂದು, “ಮಿಸ್, ದಾಖಲೆಯಲ್ಲಿ ಅಪ್ಪನ ಕೆಲಸವನ್ನು ತಿದ್ದಬೇಕು” ಎಂದು ಕೇಳಿದಳು. ಅವಳ ತಂದೆಯ ಒಪ್ಪಿಗೆಯ ಪತ್ರವನ್ನು ತರಿಸಿ, ನಾವೇ ಲೇಖನಿಯನ್ನು ಹಿಡಿದು ತಿದ್ದಿದೆವು.

ಅಭ್ಯಾಸ

1. ನಿಮ್ಮ ಮನೆಯ ಮೇಜನ್ನು ನಾಣ್ಯದಿಂದ ತಟ್ಟಿ ನೋಡಿರಿ. ಕೆಟ್ಟಿರುವುದು ಮುಖವೋ, ಅಂಟೋ, ಮೈಯೋ?

2. 5 ಅಡಿ ಉದ್ದ, 2 ಅಡಿ ಅಗಲದ ಮೇಜುಗಳು ಎರಡಿವೆ. 8 ಅಡಿಗೆ 4 ಅಡಿಯ ಒಂದೇ ಹಾಳೆಯಲ್ಲಿ, ಪ್ರತಿ ಕಡೆಗೂ ಕಾಲು ಅಂಗುಲ ಹೆಚ್ಚು ಬಿಟ್ಟು, ಎರಡಕ್ಕೂ ಹೊದಿಕೆಯಾದೀತೇ? ಚದರಡಿಯ ಲೆಕ್ಕವನ್ನು ಮಾತ್ರ ನಂಬದೆ, ಕಾಗದವನ್ನು ಕತ್ತರಿಸಿ ನೋಡಿರಿ.

3. ಕಡಪದ ಕಲ್ಲಿನ ಮೇಲೆ ವಿನಿಗರನ್ನು ಏಕೆ ಉಪಯೋಗಿಸಕೂಡದು?

4. ನಿಮ್ಮ ಊರಿನ ಬಡಗಿಯೊಬ್ಬರನ್ನು ಕಂಡು, ಅವರಿಂದ ಒಂದು ವಿಷಯವನ್ನು ಕಲಿತು ಬನ್ನಿರಿ.